ಗುಂಡು ತೂರಿದ ಟ್ಯಾಂಕಿಗೆ ರಬ್ಬರೋ, ಫೋಮೋ?

ಬೆಂಗಳೂರಿನಲ್ಲಿ ಏರೋನಾಟಿಕಲ್ ಓದುತ್ತಿದ್ದೀರಾ? ವಿಮಾನದ ಇಂಧನ ಟ್ಯಾಂಕನ್ನು ಗುಂಡಿನೇಟಿನಿಂದ ಕಾಪಾಡುವ ಪ್ರಾಜೆಕ್ಟ್‌ಗೆ ರಬ್ಬರ್, ಫೋಮ್ ಇವೆರಡರಲ್ಲಿ ಒಂದನ್ನು ಆರಿಸಬೇಕಾ? ಹಾಗಾದರೆ ಮೊದಲು ತೀರ್ಮಾನ ಮಾಡಿ: ತಡೆಯಬೇಕಿರುವುದು ಸೋರಿಕೆಯನ್ನೋ, ಸ್ಫೋಟವನ್ನೋ?

ತಾನೇ ಮುಚ್ಚಿಕೊಳ್ಳುವ ಟ್ಯಾಂಕಿನ ಗೋಡೆಯಲ್ಲಿ ಗಟ್ಟಿ ರಬ್ಬರ್ ಪದರಗಳ ನಡುವೆ ವಲ್ಕನೈಸ್ ಮಾಡದ, ಅಂದರೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡದ ರಬ್ಬರ್ ಇರುತ್ತದೆ. ಗುಂಡು ತೂರಿದರೆ ಇಂಧನ ಅದಕ್ಕೆ ತಾಗುತ್ತದೆ. ರಬ್ಬರ್ ಇಂಧನ ಹೀರಿ, ಉಬ್ಬಿ, ತೂತನ್ನು ಒತ್ತಿ ಮುಚ್ಚುತ್ತದೆ. ಎರಡನೇ ಮಹಾಯುದ್ಧದಲ್ಲೇ ಪಳಗಿದ ಉಪಾಯ ಇದು. ಆದರೆ ತೂಕ ಜಾಸ್ತಿ, ಇಂಧನದ ಜಾಗವೂ ಕಡಿಮೆಯಾಗುತ್ತದೆ. ಫಿರಂಗಿ ಗುಂಡು ಮಾಡಿದ ದೊಡ್ಡ ತೂತಿಗಂತೂ ಸಾಲದು.

ಫೋಮ್ ಹಗುರ. ಸ್ಪಂಜಿನಂತೆ ಟ್ಯಾಂಕಿನೊಳಗೆ ತುಂಬಿಕೊಂಡು ಬೆಂಕಿ ಹಬ್ಬಿ ಸ್ಫೋಟವಾಗದಂತೆ ತಡೆಯುತ್ತದೆ, ಆದರೆ ಸೋರುವುದನ್ನು ನಿಲ್ಲಿಸುವುದಿಲ್ಲ.

ಹೆಲಿಕಾಪ್ಟರ್ ಆದರೆ ನನ್ನ ಓಟು ರಬ್ಬರಿಗೇ. ಕೆಳಗೆ ಹಾರುವಾಗ ಬಂದೂಕಿನ ಸಣ್ಣ ಗುಂಡುಗಳ ಕಾಟವೇ ಜಾಸ್ತಿ, ಅಲ್ವಾ? ತೂಕದ ಲೆಕ್ಕ ಹೊಂದಿದರೆ ಎರಡನ್ನೂ ಹಾಕಬಹುದು.