ಒಬ್ಬರೇ ರೇಸ್ ಮಾಡೋರಿಗೆ ಯಾವ ಮೇನ್‌ಶೀಟ್? ಐದು ಸೀಸನ್, ಮೂರು ಥರ ಕಟ್ಟಿ ನೋಡಿದ ಮೇಲೆ

ಒಬ್ಬರೇ ಇಲ್ಲಾ ಇಬ್ಬರೇ ಹಾಯಿದೋಣಿ ರೇಸ್‌ಗೆ ಇಳಿಯೋರು ಮೇನ್‌ಶೀಟ್ ವಿಷ್ಯ ಬಂದ್ರೆ ಮೊದ್ಲು ಕೇಳೋದು 4:1 ಸಾಕಾ, 6:1 ಬೇಕಾ ಅಂತ. ನಾನೂ ಅದನ್ನೇ ಕೇಳ್ಕೊಂಡು ಶುರು ಮಾಡಿದ್ದು. ಒಂದೇ ಬೋಟ್ ಮೇಲೆ ಮೂರು ಥರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಆದ್ಮೇಲೆ ಈಗ ನಾನು ಮೊದ್ಲು ನೋಡೋದೇ ಬೇರೆ: ಟಿಲ್ಲರ್ (ಚುಕ್ಕಾಣಿಯ ಹಿಡಿ) ಹಿಡ್ಕೊಂಡು ಕೂತ ಜಾಗದಿಂದ, ಒಂದೇ ಕೈಯಲ್ಲಿ, ಲೋಡ್ ಇರುವಾಗ ಆ ಹಗ್ಗ ಬಿಡೋಕೆ ಆಗುತ್ತಾ? ಎಳೆಯೋದು ಕಷ್ಟ ಆದ್ರೆ ಸ್ಪೀಡ್ ಸ್ವಲ್ಪ ಹೋಗುತ್ತೆ ಅಷ್ಟೇ, ಬಿಡೋದು ಕಷ್ಟ ಆದ್ರೆ ಬೋಟೇ ಕೈ ತಪ್ಪುತ್ತೆ.

ಹೊಸಬರಿಗೆ ಒಂದು ಮಾತು, ಶೀಟ್ ಅಂದ್ರೆ ಹಾಯಿ ಅಲ್ಲ, ಹಾಯಿನ ಒಳಗೆ ಎಳೆಯೋ ಹೊರಗೆ ಬಿಡೋ ಹಗ್ಗ. ಮೇನ್‌ಶೀಟ್ ಅಂದ್ರೆ ಮುಖ್ಯ ಹಾಯಿಯ ಶೀಟ್, ಅದು ಬೂಮ್‌ಗೂ (ಹಾಯಿಯ ತಳದ ಅಡ್ಡ ಕಂಬ) ಡೆಕ್‌ಗೂ ನಡುವೆ ರಾಟೆಗಳಲ್ಲಿ ಓಡುತ್ತೆ. ಬಾವಿ ರಾಟೆ ಒಂದೇ ಇದ್ರೆ ಕೊಡದ ಭಾರ ಅಷ್ಟೂ ಕೈಗೆ ಬರುತ್ತೆ, ಇಲ್ಲಿ ಹಗ್ಗನ ನಾಲ್ಕು ಎಳೆ ಮಾಡಿದ್ರೆ (ಅದೇ 4:1) ಕಾಲು ಭಾಗ, ಆರು ಎಳೆ ಮಾಡಿದ್ರೆ (6:1) ಆರನೇ ಒಂದು ಭಾಗ, ಜೊತೆಗೆ ಒಂದೊಂದು ರಾಟೆಯಲ್ಲೂ ಘರ್ಷಣೆ ಸ್ವಲ್ಪ ಸ್ವಲ್ಪ ತಿನ್ನುತ್ತೆ.

ನನ್ನ ಬೋಟ್ 9.5 ಮೀಟರ್, ಟಿಲ್ಲರ್ ಇರೋದು, ಬೂಮ್ 4 ಮೀಟರ್, ಶೀಟ್ ಕಟ್ಟಿರೋದು ಮಾಸ್ಟ್‌ನಿಂದ 3 ಮೀಟರ್ ಹಿಂದೆ, ಅದರ ಕೆಳಗೆ ಕಾಕ್‌ಪಿಟ್ ಮಧ್ಯದಲ್ಲಿ ಟ್ರಾವೆಲರ್ (ಶೀಟ್‌ನ ಕೆಳಗಿನ ರಾಟೆ ಅಡ್ಡಕ್ಕೆ ಜರುಗೋ ಹಳಿ). ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಬೂಮ್ ತುದಿಯಲ್ಲಿ ಶೀಟ್ ಇರೋ ಬೋಟ್‌ನೋರ ಸಲಹೆ ನಮಗೆ ಹಾಗೇ ಹೊಂದಲ್ಲ, ಸನ್ನೆಗೋಲಿನ ಲೆಕ್ಕದಲ್ಲಿ ನಮ್ಮ ಶೀಟ್ ಮೇಲೆ ಅವರಿಗಿಂತ ಮೂರನೇ ಒಂದು ಭಾಗ ಲೋಡ್ ಜಾಸ್ತಿ. ಗಾಳಿ ಜೋರಾದ ಹಾಗೆ ಲೋಡ್ ವರ್ಗದ ಲೆಕ್ಕದಲ್ಲಿ ಏರುತ್ತೆ, 8 ನಾಟ್ಸ್ ಹೋಗಿ 16 ಆದ್ರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗಾಗಿ 10 ನಾಟ್ಸ್‌ನಲ್ಲಿ ಟೆಸ್ಟ್ ಮಾಡಿ ಆರಾಮಾಗಿದೆ ಅಂತ ಯಾರೂ ತೀರ್ಮಾನ ಮಾಡ್ಬೇಡಿ.

ಮೊದಲ ಸೀಸನ್ 4:1, ಬೋಟ್ ಜೊತೆ ಬಂದಿದ್ದು. ಸುಮಾರು 12 ನಾಟ್ಸ್ ವರೆಗೂ ಅದರಂಥದ್ದು ಇನ್ನೊಂದಿಲ್ಲ, ಬೇಗ ಬರುತ್ತೆ, ಬೇಗ ಹೋಗುತ್ತೆ, ಕಾಕ್‌ಪಿಟ್‌ನಲ್ಲಿ ಹಗ್ಗದ ರಾಶಿ ಕಮ್ಮಿ. ಗಾಳಿ ಏರಿದ್ರೆ ಮಾತ್ರ ಅಪ್‌ವಿಂಡ್‌ನಲ್ಲಿ (ಗಾಳಿ ಬರೋ ಕಡೆಗೆ ಹೋಗುವಾಗ) ಕೊನೆಯ ಒಂದು ಗೇಣು ಒಳಗೆ ಬರೋದೇ ಇಲ್ಲ. ಟಿಲ್ಲರ್‌ನ ಮಂಡಿಗೆ ಒತ್ತಿ ಎರಡೂ ಕೈಯಲ್ಲಿ ಎಳೀಬೇಕು, ಅಷ್ಟರಲ್ಲಿ ಬೋಟ್ ದಾರಿ ಬಿಟ್ಟಿರುತ್ತೆ. ಇಲ್ಲಾಂದ್ರೆ ಸ್ವಲ್ಪ ಲಫ್ ಮಾಡಿ, ಅಂದ್ರೆ ಮೂತಿನ ಗಾಳಿ ಕಡೆ ತಿರುಗಿಸಿ, ಹಾಯಿ ಸಡಿಲ ಆದಾಗ ಎಳೀಬೇಕು, ಅದನ್ನ ಪ್ರತಿ ಟ್ಯಾಕ್ (ಮೂತಿ ಗಾಳಿ ದಾಟಿಸಿ ತಿರುಗೋದು) ಆದ್ಮೇಲೂ ಮಾಡಿದ್ರೆ ಎಷ್ಟು ಹೋಗುತ್ತೆ ಅಂತ ಪಕ್ಕದ ಬೋಟ್ ನೋಡಿದ್ರೇ ಗೊತ್ತಾಗುತ್ತೆ.

ಎರಡನೇ ಸೀಸನ್ 6:1 ಮಾಡ್ದೆ. ಮೊದಲ ವಾರ ಬಹಳ ಖುಷಿ, ಒಂದೇ ಕೈಯಲ್ಲಿ ಬರ್ತಿತ್ತು. ಆಮೇಲೆ ಶುರುವಾಯ್ತು. ಪೂರ್ತಿ ಹೊರಗೆ ಬಿಟ್ಟಿರೋ ಬೂಮ್‌ನ ಜೈಬ್‌ಗೆ (ಗಾಳಿ ಹಿಂದಿನಿಂದ ಇರುವಾಗ ಹಾಯಿನ ಆ ಪಕ್ಕಕ್ಕೆ ದಾಟಿಸೋದು) ಅಂತ ಮಧ್ಯಕ್ಕೆ ತರೋಕೆ ನನ್ನ ಬೋಟಲ್ಲಿ 4:1ರಲ್ಲಿ ಹೆಚ್ಚುಕಮ್ಮಿ 11 ಮೀಟರ್ ಹಗ್ಗ ಎಳೀಬೇಕಿತ್ತು, 6:1ರಲ್ಲಿ ಅದು 17 ಮೀಟರ್. ಒಬ್ಬನೇ ಇದ್ದು, ಅಲೆ ಹಿಂದಿನಿಂದ ತಳ್ತಾ ಇದ್ದು, ಸ್ಪಿನ್ನೇಕರ್ (ಹಿಂಗಾಳಿಗೆ ಹಾಕೋ ದೊಡ್ಡ ಹಾಯಿ) ಮೇಲಿದ್ದು, ಆಟೋಪೈಲಟ್ ತನ್ನ ಪಾಡಿಗೆ ತಾನು ಹುಡುಕಾಡ್ತಾ ಇರುವಾಗ ಆ ಹೆಚ್ಚಿನ 6 ಮೀಟರ್ ಅಂದ್ರೆ ಏನು ಅಂತ ಮಾಡಿದವರಿಗೇ ಗೊತ್ತು. ಎಳೆದ ಹಗ್ಗ ಎಲ್ಲ ಕಾಲ ಹತ್ರ ಬಿದ್ದಿರುತ್ತೆ, ಬೂಮ್ ಆ ಕಡೆ ಹೋದ ತಕ್ಷಣ ಅದೇ ಹಗ್ಗ ಓಡ್ಬೇಕು, ಪಾದ ಸುತ್ಕೊಂಡಿದ್ರೆ ಮುಗೀತು. ಕಮ್ಮಿ ಗಾಳಿಯಲ್ಲಿ ಇನ್ನೊಂದು ಕಾಟ, 5 ನಾಟ್ಸ್‌ಗೆ ಆರು ಎಳೆ ಹಗ್ಗ ಓಡಿಸೋ ಬಲ ಹಾಯಿಗೆ ಇರಲ್ಲ, ಶೀಟ್ ಬಿಟ್ರೂ ಬೂಮ್ ಅಲ್ಲೇ ನಿಂತಿರುತ್ತೆ, ಕೈಯಲ್ಲಿ ತಳ್ಳಬೇಕು.

ಆದ್ರೆ ನನ್ನ ಮನಸ್ಸು ಬದಲಾಯಿಸಿದ್ದು ಇವೆರಡೂ ಅಲ್ಲ. ಆ ಸೀಸನ್ ಕೊನೆಗೆ ಒಂದು ರೇಸ್‌ನಲ್ಲಿ ಮಾರ್ಕ್ (ಸುತ್ತಬೇಕಾದ ಗುರುತು) ಹತ್ರ ಗಸ್ಟ್ (ದಿಢೀರ್ ಜೋರು ಗಾಳಿ) ಬಂತು, ನಾನು ಗಾಳಿ ಕಡೆಯ ಅಂಚಲ್ಲಿ ಕೂತಿದ್ದೆ, ಶೀಟ್ ಬಿಡೋಣ ಅಂತ ಎಳೆದು ಎತ್ತಿದೆ, ಕ್ಲೀಟ್‌ನಿಂದ (ಹಗ್ಗನ ಹಲ್ಲಲ್ಲಿ ಕಚ್ಚಿ ಹಿಡಿಯೋದು) ಬರ್ಲಿಲ್ಲ, ಮತ್ತೆ ಎತ್ತಿದೆ, ಬರ್ಲಿಲ್ಲ, ಬೋಟ್ ಪೂರ್ತಿ ವಾಲಿ ರಡ್ಡರ್ ನೀರಿನ ಹಿಡಿತ ಬಿಟ್ಟು ಗಾಳಿಗೆ ಮುಖ ಮಾಡಿ ತಿರುಗಿಬಿಡ್ತು, ಇನ್ನೊಂದು ಬೋಟ್ ಒಂದು ಮಾರು ದೂರದಲ್ಲಿ ಹಾದುಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ. ಸಂಜೆ ನಿಧಾನಕ್ಕೆ ನೋಡಿದ್ರೆ ಕ್ಯಾಮ್ ಕ್ಲೀಟ್ ಕೂರಿಸಿದ ಕೋನವೇ ತಪ್ಪು. ಕ್ಲೀಟ್ ನಾನು ಕೂತಿದ್ದ ಎತ್ತರಕ್ಕೇ ಮುಖ ಮಾಡಿತ್ತು, ಹಾಗಾಗಿ ಅಲ್ಲಿಂದ ಎಳೆದ್ರೆ ಹಗ್ಗ ನೇರ ಹಲ್ಲಿನೊಳಗೇ ಇಳೀತಿತ್ತು, ಮೇಲಕ್ಕೆ ಜಿಗಿದು ಹೊರಗೆ ಬರೋಕೆ ಜಾಗವೇ ಇರ್ಲಿಲ್ಲ. ಪರ್ಚೇಸ್‌ಗೂ (4:1, 6:1 ಲೆಕ್ಕ) ಇದಕ್ಕೂ ಸಂಬಂಧವೇ ಇಲ್ಲ. ಸ್ವಿವೆಲ್ ಬೇಸ್‌ಗಳಲ್ಲಿ (ತಿರುಗೋ ಅಡಿ) ಕ್ಲೀಟ್ ಕೂತಿರೋ ತೋಳಿನ ಕೋನ ಬದಲಾಯಿಸಬಹುದು, ಇಲ್ಲಾಂದ್ರೆ ಕೆಳಗೆ ಒಂದು ಬೆಣೆ ಇಡಬಹುದು. ತುಂಬಾ ಕೆಳಗೆ ಮಾಡಿದ್ರೆ ಬೇಗ ಬಿಡುತ್ತೆ ಆದ್ರೆ ಹಾಕೋಕೆ ಕಷ್ಟ, ಅದಕ್ಕೆ ಕಾಲಿಂದ ಒತ್ತಿ ಹಾಕೋ ಅಭ್ಯಾಸ ಮಾಡ್ಕೊಂಡೆ. ಒಬ್ಬರೇ ಹೋಗೋರಿಗೆ ಕೆಳಗೇ ಇರ್ಲಿ ಅಂತ ನಾನು ಖಂಡಿತ ಹೇಳ್ತೀನಿ. ಗಾಳಿ ಇರೋ ದಿನ, ಎರಡೂ ಕಡೆ, ಅಂಚಿಗೆ ಕೂತು, ಹತ್ತು ಸಲ ಬಿಟ್ಟು ನೋಡಿ.

ಮೂರನೇದು ಆಯ್ಕೆ ಮಾಡೋ ಮುಂಚೆ ಒಬ್ಬ ಗೆಳೆಯನ ದೊಡ್ಡ ಬೋಟಲ್ಲಿ ಇಬ್ಬರೇ ಹೋಗ್ತಾ ಜರ್ಮನ್ ಶೀಟ್ ಬಳಸಿದೆ. ಹಗ್ಗ ಬೂಮ್ ಉದ್ದಕ್ಕೂ ಮಾಸ್ಟ್ ಕಡೆ ಹೋಗಿ, ಡೆಕ್‌ಗೆ ಇಳಿದು, ಎರಡು ತುದಿ ಎರಡು ಪಕ್ಕದ ವಿಂಚ್‌ಗೆ (ಹಗ್ಗ ಸುತ್ತಿ ಎಳೆಯೋ ಡ್ರಮ್) ಬರುತ್ತೆ. ಯಾವ ಕಡೆ ಕೂತಿದ್ರೂ ಕೈಗೆ ಸಿಗುತ್ತೆ, ಕಾಕ್‌ಪಿಟ್ ಮಧ್ಯೆ ಖಾಲಿ, ಇಬ್ಬರಿದ್ದು ಬೋಟ್ ದೊಡ್ಡದಾಗಿದ್ರೆ ಅದು ಒಳ್ಳೇದು. ನನ್ನ ಅಳತೆಗೆ ಬೇಡ ಅನ್ನಿಸ್ತು. ಗಸ್ಟ್‌ನಲ್ಲಿ ಸೆಲ್ಫ್ ಟೇಲರ್ (ವಿಂಚ್ ತಲೆಯಲ್ಲಿ ಹಗ್ಗ ಹಿಡಿಯೋದು) ದವಡೆಯಿಂದ ಹಗ್ಗ ಬಿಡಿಸಿ, ವಿಂಚ್ ಸುತ್ತಿನ ಮೇಲೆ ಅಂಗೈ ಇಟ್ಟು ಜಾರಿಸಬೇಕು, ಟಿಲ್ಲರ್ ಹಿಡಿದವನಿಗೆ ಆ ಎರಡು ಹೆಜ್ಜೆ ಜಾಸ್ತಿ ಆಯ್ತು.

ಈಗ ಮೂರು ಸೀಸನ್‌ನಿಂದ ಇರೋದು 4:1, ಅದರ ಇನ್ನೊಂದು ತುದಿಗೆ ಪ್ರತ್ಯೇಕ 4:1 ಫೈನ್ ಟ್ಯೂನ್, ಎರಡೂ ಗುಣಿಸಿ 16:1. ಜೈಬ್, ಮಾರ್ಕ್ ಸುತ್ತೋದು, ಗಸ್ಟ್‌ಗೆ ಬಿಡೋದು ಎಲ್ಲ ದಪ್ಪ ಹಗ್ಗದಲ್ಲಿ. ಆ ಕೊನೆಯ ಒಂದು ಗೇಣು, ಲೀಚ್ (ಹಾಯಿಯ ಹಿಂದಿನ ಅಂಚು) ಬಿಗಿ ಮಾಡೋದು, ಸಣ್ಣ ಹಗ್ಗದಲ್ಲಿ. ಫೈನ್ ಟ್ಯೂನ್‌ನ ರಾಟೆ ಒಟ್ಟು ಓಡೋದು ಒಂದು ಮೀಟರ್, ಅಂದ್ರೆ ಬೂಮ್ ಮೇಲೆ 25 ಸೆಂಟಿಮೀಟರ್ ಮಾತ್ರ, ಅಷ್ಟೇ ಬೇಕಾಗಿರೋದು.

ಇದು ಬಂದ್ಮೇಲೆ ನಾನು ಟ್ರಿಮ್ ಮಾಡೋದೇ (ಹಾಯಿ ಹೊಂದಿಸೋದು) ಜಾಸ್ತಿ ಆಯ್ತು, ದೊಡ್ಡ ಲಾಭ ಅಂದ್ರೆ ಅದೇ. 2013ರ ಫಾಸ್ಟ್‌ನೆಟ್ ರೇಸ್‌ನಲ್ಲಿ ಪಾಸ್ಕಲ್ ಲೊಯ್ಸಾನ್, ಅಲೆಕ್ಸಿಸ್ ಲೊಯ್ಸಾನ್, ಅಪ್ಪ ಮಗ ಇಬ್ಬರೇ, 10 ಮೀಟರ್‌ನ ನೈಟ್ ಆಂಡ್ ಡೇ ಬೋಟಲ್ಲಿ ಪೂರ್ತಿ ಕ್ರೂ ಇದ್ದವರನ್ನೂ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ (ಬೋಟ್‌ಗೆ ತಕ್ಕ ಹಾಗೆ ಸಮಯ ಸರಿಹೊಂದಿಸಿ) ಹಿಂದೆ ಹಾಕಿ ಒಟ್ಟಾರೆ ಗೆದ್ರು. ಅಂಥದ್ದು ನಡೀಬೇಕಾದ್ರೆ ಬೆಳಗಿನ ಜಾವ ನಿದ್ದೆಗೆಟ್ಟು ಕೂತಾಗ್ಲೂ ಹಾಯಿ ಸರಿಯಾಗಿರ್ಬೇಕು. ಕಷ್ಟ ಆಗೋ ಕೆಲಸನ ಸುಸ್ತಾದ ಮನುಷ್ಯ ಮುಂದಕ್ಕೆ ಹಾಕ್ತಾನೆ, ನಾನು 4:1 ಕಾಲದಲ್ಲಿ ಹಾಗೇ ಮಾಡ್ತಿದ್ದೆ, ಎಳೀಬೇಕು ಅಂತ ಗೊತ್ತಿದ್ರೂ ಆಮೇಲೆ ನೋಡೋಣ ಅಂತ ಬಿಡ್ತಿದ್ದೆ. ಈಗ ಎರಡು ಬೆರಳಲ್ಲಿ ಆಗೋದ್ರಿಂದ ಮಾಡ್ತೀನಿ.

ತೊಂದರೆಗಳೂ ಇವೆ. ಫೈನ್ ಟ್ಯೂನ್ ಪೂರ್ತಿ ಒಳಗೆ ಬಂದು ಬ್ಲಾಕ್‌ಗೆ ಬ್ಲಾಕ್ (ರಾಟೆಗೆ ರಾಟೆ) ತಾಗಿ ನಿಂತ್ರೆ ಅದು ಅತಿ ಕೆಟ್ಟ ಹೊತ್ತಲ್ಲೇ ಆಗಿರುತ್ತೆ, ಪ್ರತಿ ಮಾರ್ಕ್‌ಗೆ ಮುಂಚೆ ಅದನ್ನ ಪೂರ್ತಿ ಬಿಟ್ಟಿಡೋದು ನನ್ನ ಕಡ್ಡಾಯ, ಹಗ್ಗದ ಮಧ್ಯದಲ್ಲಿ ದಾರ ಸುತ್ತಿ ಗುರುತು ಮಾಡಿದೀನಿ. ಎರಡೂ ಹಗ್ಗ ಒಂದೇ ಬಣ್ಣ ಒಂದೇ ದಪ್ಪ ತಗೋಬೇಡಿ, ರಾತ್ರಿ ತಪ್ಪು ಹಗ್ಗ ಬಿಡ್ತೀರಿ; ನಾನು ದಪ್ಪದ್ದು 10 ಮಿಲಿಮೀಟರ್, ಸಣ್ಣದ್ದು 6 ಹಾಕಿದೀನಿ, ಮುಟ್ಟಿದ್ರೆ ಗೊತ್ತಾಗುತ್ತೆ. ಮೊದಲ ವರ್ಷ ಎರಡು ಟ್ಯಾಕಲ್ (ಹಗ್ಗ ರಾಟೆಗಳ ಜೋಡಣೆ) ಒಂದಕ್ಕೊಂದು ಸುತ್ಕೊಳ್ತಿದ್ವು, ಫೈನ್ ಟ್ಯೂನ್‌ನ ಮೇಲಿನ ಬ್ಲಾಕ್ ತಿರುಗದ ಹಾಗೆ ಕಟ್ಟಿದ ಮೇಲೆ ನಿಂತಿತು.

ಸವೆತದ ವಿಷ್ಯ. ಹಗ್ಗದ ಹೊರಪದರ ಕ್ಲೀಟ್ ಕಚ್ಚೋ ಜಾಗದಲ್ಲೇ ಸವೆಯುತ್ತೆ, ಒಂದೂವರೆ ಸೀಸನ್ ಆದ್ಮೇಲೆ ತುದಿ ಅದಲು ಬದಲು ಮಾಡ್ದೆ, ಇನ್ನೂ ನಡೀತಿದೆ. ಕ್ಯಾಮ್‌ನ ಸ್ಪ್ರಿಂಗ್ ಒಮ್ಮೆ ಹೋಯ್ತು, ಬದಲಾಯಿಸ್ದೆ. ಬಾಲ್ ಬೇರಿಂಗ್ ಬ್ಲಾಕ್‌ಗಳಿಗೆ ಎಣ್ಣೆ ಗ್ರೀಸ್ ಏನೂ ಹಾಕ್ಬೇಡಿ, ಮರಳು ಉಪ್ಪು ಎಲ್ಲ ಅದಕ್ಕೇ ಅಂಟುತ್ತೆ, ಪ್ರತಿ ಸಲ ಸಿಹಿನೀರಲ್ಲಿ ತೊಳೀರಿ ಸಾಕು. ಕೆಳಗಿನದು ರ್ಯಾಚೆಟ್ ಬ್ಲಾಕ್ (ಒಂದೇ ಕಡೆ ತಿರುಗೋ ರಾಟೆ), ಲೋಡ್‌ನ ಒಂದು ಪಾಲು ಅದೇ ಹಿಡಿಯೋದ್ರಿಂದ ಕ್ಲೀಟ್‌ಗೆ ಹಾಕದೆ ಕೈಯಲ್ಲೇ ಹಿಡ್ಕೊಂಡು ಆಡಿಸಬಹುದು, ಗಾಳಿ ಕಮ್ಮಿ ಇದ್ದಾಗ ಮಾತ್ರ ಆಫ್ ಮಾಡಿ, ಇಲ್ಲಾಂದ್ರೆ ಬೂಮ್ ಹೊರಗೆ ಹೋಗೋಕೆ ತಡೆಯುತ್ತೆ.

ನಿಮ್ಮ ಬೋಟ್ 7 ಮೀಟರ್ ಒಳಗಿದ್ರೆ ಇಷ್ಟೆಲ್ಲ ಮಾಡೋ ಮುಂಚೆ 4:1 ಜೊತೆ ಒಳ್ಳೆ ಬ್ಲಾಕ್ ಮತ್ತೆ ಒಂದು ರ್ಯಾಚೆಟ್ ಹಾಕಿ ನೋಡಿ. ಸೀಸನ್ ಮಧ್ಯೆ ಬದಲಾಯಿಸ್ಬೇಡಿ, ಕೈಗೆ ಹೊಸ ಜಾಗ ರೂಢಿ ಆಗೋಕೆ ನನಗೆ ಎಂಟು ಹತ್ತು ಸಲ ನೀರಿಗೆ ಇಳೀಬೇಕಾಯ್ತು.