ಬೋಟಿನ ವಯರಿಂಗ್‌ಗೆ ಮೆರೈನ್ ಸಾಮಾನೋ, ಗಾಡಿ ಸಾಮಾನೋ: ಒಂದೇ ಬೋಟಿಗೆ ಎರಡನ್ನೂ ಹಾಕಿ ನೋಡಿದ್ದು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಗಂಗೊಳ್ಳಿ, ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಸಾಲಾಗಿ ನಿಲ್ಲುವ ಈ ಎರಡು ತಿಂಗಳಲ್ಲೇ ಇಂಜಿನ್ ಬಿಚ್ಚಬೇಕು, ಬಣ್ಣ ಹೊಡೆಯಬೇಕು, ವಯರಿಂಗ್ ಸರಿಮಾಡಬೇಕು. ವಯರಿಂಗ್‌ನ ಸರದಿ ಬಂದಾಗ ಪ್ರತಿ ವರ್ಷವೂ ಒಂದೇ ಚರ್ಚೆ. ಲಾರಿ, ಕಾರಿಗೆ ಹಾಕುವ ವಯರು, ವಯರಿನ ತುದಿಗೆ ಒತ್ತಿ ಕೂರಿಸುವ ಲಗ್ಗು, ಸ್ವಿಚ್ಚು ಪೇಟೆಯ ಯಾವ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ‘ಮೆರೈನ್’ ಎಂದು ಬರೆದ ಅದೇ ಸಾಮಾನು ತರಿಸಬೇಕು, ಬೆಲೆ ಎರಡು ಪಟ್ಟಿಗಿಂತ ಹೆಚ್ಚು. ಅಷ್ಟು ಕೊಡುವುದರಲ್ಲಿ ಅರ್ಥ ಇದೆಯೇ?

ನಮ್ಮದು 32 ಅಡಿಯ ಫೈಬರ್ ಬೋಟು. ಬಲೆ ಬಿಡುವ ಕೆಲಸ, ಒಳಗೆ ಡೀಸೆಲ್ ಇಂಜಿನ್, 12 ವೋಲ್ಟ್ ವಯರಿಂಗ್. ಇದರಲ್ಲೇ ಎರಡೂ ಬಗೆಯ ಸಾಮಾನನ್ನು ಅಕ್ಕಪಕ್ಕ ಹಾಕಿ ಒಂದು ಇಡೀ ಋತು ಓಡಿಸಿದೆವು. ಎಡಗಡೆಯ ಕೆಂಪು ದೀಪಕ್ಕೆ ಗಾಡಿ ವಯರು, ಮಾಮೂಲಿ ಲಗ್ಗು, ಮೇಲೆ ಟೇಪು. ಬಲಗಡೆಯ ಹಸಿರು ದೀಪಕ್ಕೆ ತವರ ಲೇಪಿಸಿದ ಮೆರೈನ್ ವಯರು, ಕಾವಿಗೆ ಕುಗ್ಗುವ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ ಕೊಳವೆಯ ಲಗ್ಗು. ಕಂಬದ ಮೇಲಿನ ಬಿಳಿ ದೀಪಕ್ಕೆ ಮಿಶ್ರ ಜೋಡಿ: ಗಾಡಿ ವಯರು, ಆದರೆ ಅಂಟಿನ ಲಗ್ಗು. ಮೂರರಲ್ಲೂ ವಯರಿನ ದಪ್ಪ 1.5 ಸ್ಕ್ವೇರ್ ಎಂಎಂ, ಬಲ್ಬು 10 ವ್ಯಾಟಿನದ್ದು. ಉಪ್ಪಿನ ಗಾಳಿ ಮೂರಕ್ಕೂ ಒಂದೇ. ಕಂಬದ ಮೇಲೆ ಅಲೆಯ ಸಿಡಿತ ಕಡಿಮೆ ಎಂಬುದು ಬಿಟ್ಟರೆ ಹೋಲಿಕೆಯಲ್ಲಿ ಮೋಸ ಇಲ್ಲ.

ಋತುವಿನ ಕೊನೆಗೆ ಕೆಂಪು ದೀಪ ಮಂಕಾಗಿತ್ತು. “ಬಲ್ಬ್ ಹಾಳಾಯ್ತಾ ಕಾಣ್ ಮಾರಾಯಾ” ಎಂದರು ಬೋಟು ನಡೆಸುವ ನಮ್ಮ ತಾಂಡೇಲರು. ಬಲ್ಬ್ ಸರಿಯಾಗಿಯೇ ಇತ್ತು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದಾಗ ಹಸಿರು ದೀಪದ ಹೋಲ್ಡರಿನಲ್ಲಿ 12.4, ಕೆಂಪಿನಲ್ಲಿ 11.1. ಒಂದೂ ಚಿಲ್ಲರೆ ವೋಲ್ಟ್ ಅಷ್ಟೇ ಅಲ್ಲವೇ ಅನ್ನಿಸಬಹುದು. ಆದರೆ ತಂತಿಯ ಬಲ್ಬಿನಲ್ಲಿ ವೋಲ್ಟೇಜು ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. 12 ಮೀಟರಿಗಿಂತ ಚಿಕ್ಕ ಬೋಟಿನ ಪಕ್ಕದ ದೀಪ ಕನಿಷ್ಠ ಒಂದು ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ರಾತ್ರಿ ಹಡಗಿನ ಹಾದಿಯ ಹತ್ತಿರ ಬಲೆ ಬಿಟ್ಟು ಕೂತವರಿಗೆ ಆ ಶೇ. 30 ಎಷ್ಟು ದೊಡ್ಡದೆಂದು ಯಾರೂ ಹೇಳಿಕೊಡಬೇಕಿಲ್ಲ.

ವಯರು ಬಿಚ್ಚಿ ನೋಡಿದೆ. ಲಗ್ಗಿನ ಬುಡದಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಅಲ್ಲಿಂದ ಪಿವಿಸಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತಾ ಹೋದೆ. ಒಂದು ಗೇಣು ಒಳಗೆ ಹೋದರೂ ಎಳೆಗಳೆಲ್ಲ ಕಪ್ಪು. ಇನ್ನೂ ಅರ್ಧ ಗೇಣು ದಾಟಿದ ಮೇಲೆ ತಾಮ್ರದ ಬಣ್ಣ ಕಂಡಿತು. ಹೊರಗಿನ ಪಿವಿಸಿಗೆ ಎಲ್ಲೂ ಒಂದು ಗೀರೂ ಬಿದ್ದಿರಲಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ತೆರೆದ ತುದಿಯಿಂದ ಉಪ್ಪುನೀರು ಎಳೆಗಳ ಸಂದಿನಲ್ಲಿ ಒಳಕ್ಕೆ ಏರಿತ್ತು. ತುದಿ ಕತ್ತರಿಸಿ ಹೊಸ ಲಗ್ಗು ಹಾಕಿದರೂ ಕಪ್ಪಾದ ಎಳೆಗೆ ಲಗ್ಗು ಸರಿಯಾಗಿ ಕೂರುವುದಿಲ್ಲ, ಬೆಸುಗೆಯಂತೂ ಹಿಡಿಯುವುದೇ ಇಲ್ಲ.

ಹಸಿರು ದೀಪದ ತವರದ ವಯರನ್ನೂ ಹಾಗೆಯೇ ಸೀಳಿದೆ. ತುದಿಯ ಬಳಿ ಹೊಳಪು ಕಳೆದು ಬೂದು ಬಣ್ಣ, ಅಷ್ಟೇ. ಒಂದು ಬೆರಳಗಲ ಒಳಗೆ ಬೆಳ್ಳಿಯಂತೆ ಥಳಥಳ. ಅಷ್ಟೂ ಎಳೆಗಳಿಗೆ ಒಂದೊಂದಕ್ಕೂ ಪ್ರತ್ಯೇಕವಾಗಿ ತವರ ಬಳಿದಿರುವುದೇ ಇದರ ಗುಟ್ಟು.

ಎಲ್ಲರ ಲೆಕ್ಕ ತಪ್ಪಿಸಿದ್ದು ಮೂರನೆಯದು. ಕಂಬದ ಮೇಲಿನ ಗಾಡಿ ವಯರಿನಲ್ಲಿ ಲಗ್ಗಿನ ಬುಡ ಸ್ವಲ್ಪ ಕಂದಾಗಿದ್ದು ಬಿಟ್ಟರೆ ಒಳಗೆಲ್ಲ ಶುದ್ಧ ತಾಮ್ರ. ಹೀಟ್ ಶ್ರಿಂಕ್‌ನ ಒಳಗಿನ ಅಂಟು ಕಾವಿಗೆ ಕರಗಿ ಪಿವಿಸಿಗೂ ಲಗ್ಗಿಗೂ ನಡುವಿನ ಸಂದನ್ನು ಮುಚ್ಚಿಬಿಟ್ಟಿತ್ತು. ನೀರಿಗೆ ಒಳಹೋಗುವ ಬಾಗಿಲೇ ಇರಲಿಲ್ಲ. ವಯರಿಗಿಂತ ಅದರ ತುದಿ ಮುಖ್ಯ ಎಂದು ನಾನು ಖಡಾಖಂಡಿತವಾಗಿ ಹೇಳುವುದು ಇದೇ ಕಾರಣಕ್ಕೆ. ಬೋಟು ಕಟ್ಟುವವರಿಗೆ ಅಮೆರಿಕದ ಎಬಿವೈಸಿ ಸಂಸ್ಥೆ ಮಾಡಿರುವ ವಿದ್ಯುತ್ ನಿಯಮ ಇ-11 ಕೂಡ ತವರದ ವಯರೇ ಬೇಕೆಂದು ಕಡ್ಡಾಯ ಮಾಡಿಲ್ಲ. ಎಳೆಎಳೆಯಾದ ತಾಮ್ರದ ವಯರು ಇರಬೇಕು, ಮನೆ ವಯರಿಂಗ್‌ನ ಒಂಟಿ ಸರಿಗೆಯ ವಯರು ಕೂಡದು ಎನ್ನುತ್ತದೆ. ಇಂಜಿನ್ನಿನ ನಡುಕಕ್ಕೆ ಒಂಟಿ ಸರಿಗೆ ಮುರಿಯುತ್ತದೆ. ಬೆಸುಗೆಯೊಂದನ್ನೇ ನಂಬಿ ಜೋಡಿಸಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಬೆಸುಗೆಯ ಸೀಸ ಎಳೆಗಳ ಒಳಕ್ಕೆ ಇಳಿದು ಆ ಜಾಗ ಕಡ್ಡಿಯಾಗುತ್ತದೆ, ಕಡ್ಡಿ ಮುಗಿಯುವಲ್ಲಿ ನಡುಕಕ್ಕೆ ತುಂಡಾಗುತ್ತದೆ.

ಆದ್ದರಿಂದ ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಅಂಟಿನ ಲಗ್ಗು ಮತ್ತು ಒಳ್ಳೆಯ ರಾಟ್ಚೆಟ್ ಕ್ರಿಂಪಿಂಗ್ ಇಕ್ಕಳ ಕೊಳ್ಳಿ. ಸಾದಾ ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ ಲಗ್ಗನ್ನು ಕೈಯಲ್ಲಿ ಜಗ್ಗಿ ನೋಡಿ, ಎಷ್ಟೋ ಸಲ ಹಾಗೇ ಕಿತ್ತು ಬರುತ್ತದೆ. ರಾಟ್ಚೆಟ್ ಇಕ್ಕಳ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದೇ ಇಲ್ಲ.

ಆದರೆ ಬೋಟಿನ ತಳದಲ್ಲಿ ಈ ಮಿಶ್ರ ಜೋಡಿಯೂ ಸೋತಿತು. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿಗೆ, ನೀರು ಏರಿದಾಗ ಅದನ್ನು ತಾನಾಗಿ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚು ಇರುತ್ತದೆ. ಆ ಸ್ವಿಚ್ಚಿಗೆ ಬರುವ ವಯರು ಹಗಲು ರಾತ್ರಿ ಕರೆಂಟು ಹೊತ್ತಿರುತ್ತದೆ, ತಳದ ನೀರಲ್ಲೇ ನೆನೆಯುತ್ತದೆ. ಅಲ್ಲಿ ಆಗುವುದು ಬರೀ ಕಿಲುಬಲ್ಲ. ಪಿವಿಸಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪ್ಲಸ್ ವಯರಿನ ತಾಮ್ರ ಉಪ್ಪುನೀರಿಗೆ ಕರಗಿ ಹೋಗುತ್ತಿರುತ್ತದೆ. ಮೈನಸ್ ವಯರಿಗೆ ಏನೂ ಆಗಿರುವುದಿಲ್ಲ, ಪ್ಲಸ್ಸು ತಿಂದು ದಾರದಷ್ಟಾಗಿರುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಇಲ್ಲಿಗೆ ತವರದ ವಯರು, ಅಂಟಿನ ಲಗ್ಗು ಎರಡೂ ಬೇಕು, ಜೋಡಣೆಯನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ಯಬೇಕು. ಈ ಒಂದು ಲೈನಿನಲ್ಲಿ ದುಡ್ಡು ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಬೋಟು ಮುಳುಗದಂತೆ ಕಾಯುವ ಲೈನು ಅದು.

ದಪ್ಪದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 5 ಆಂಪಿಯರ್ ಎಳೆಯುವ ಪಂಪು ಬ್ಯಾಟರಿಯಿಂದ 8 ಮೀಟರ್ ದೂರ ಇದೆ ಅನ್ನಿ. ಹೋಗಿ ಬರುವ ದಾರಿ 16 ಮೀಟರ್. 2.5 ಸ್ಕ್ವೇರ್ ಎಂಎಂ ವಯರು ಹಾಕಿದರೆ ದಾರಿಯಲ್ಲೇ ಸುಮಾರು 0.6 ವೋಲ್ಟ್, ಅಂದರೆ ಶೇ. 5ರಷ್ಟು ಹೋಗುತ್ತದೆ. 4 ಸ್ಕ್ವೇರ್ ಹಾಕಿದರೆ ಶೇ. 3ರ ಆಸುಪಾಸಿಗೆ ಇಳಿಯುತ್ತದೆ. ಕೆಂಪು-ಹಸಿರು-ಬಿಳಿ ನ್ಯಾವಿಗೇಷನ್ ದೀಪ, ಬೋಟಿನ ರೇಡಿಯೋ ಆದ ವಿಎಚ್‌ಎಫ್‌ನಂಥ ಮುಖ್ಯ ಲೈನುಗಳಿಗೆ ಎಬಿವೈಸಿ ಇಟ್ಟಿರುವ ಮಿತಿ ಶೇ. 3, ಉಳಿದವಕ್ಕೆ ಶೇ. 10. ತೆಳು ಮೆರೈನ್ ವಯರಿಗಿಂತ ದಪ್ಪ ಗಾಡಿ ವಯರೇ ವಾಸಿಯಾಗುವ ಜಾಗಗಳೂ ಇವೆ. ಗೇಜ್ ಲೆಕ್ಕದಲ್ಲಿ ಮಾರುವ ವಯರು ಕೊಳ್ಳುವಾಗ ಮಾತ್ರ ಎಚ್ಚರ ಇರಲಿ. ಅದೇ ಗೇಜಿನ ಗಾಡಿ ವಯರಿನಲ್ಲಿ ಮೆರೈನ್ ವಯರಿಗಿಂತ ಶೇ. 6ರಿಂದ 12ರಷ್ಟು ತಾಮ್ರ ಕಡಿಮೆ ಇರುತ್ತದೆ. ಸ್ಕ್ವೇರ್ ಎಂಎಂ ನೋಡಿಯೇ ಕೊಂಡರೆ ಈ ಗೊಂದಲ ಇಲ್ಲ.

ಅಂಗಡಿಯಲ್ಲಿ ಮೆರೈನ್ ಎಂದು ಕೊಟ್ಟದ್ದೆಲ್ಲ ಮೆರೈನ್ ಅಲ್ಲ. ನಾನು ಒಂದು ತುಂಡು ಕೇಳಿ ಬ್ಲೇಡಿನಿಂದ ಎಳೆ ಕೆರೆಯುತ್ತೇನೆ. ಹೊರಗೆ ಬಿಳಿ, ಕೆರೆದಾಗ ಕೆಂಪು ಕಂಡರೆ ತವರ ಲೇಪಿಸಿದ ತಾಮ್ರ. ಹೊರಗೆ ಕೆಂಪು, ಕೆರೆದಾಗ ಬಿಳಿ ಕಂಡರೆ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಬಳಿದದ್ದು. ಈ ಎರಡನೆಯದು ಕಾರಿನ ಮ್ಯೂಸಿಕ್ ಸಿಸ್ಟಮ್ಮಿಗೆ ಅಗ್ಗದಲ್ಲಿ ಬಹಳ ಮಾರಾಟವಾಗುತ್ತದೆ. ಉಪ್ಪುನೀರಿನ ಹತ್ತಿರವೂ ತರಬಾರದು, ಅಲ್ಯೂಮಿನಿಯಂ ಪುಡಿಯಾಗಿ ಹೋಗುತ್ತದೆ. ಸ್ವಿಚ್ಚು, ಫ್ಯೂಸ್ ಬಾಕ್ಸಿನ ಸ್ಕ್ರೂಗಳಿಗೆ ಸಣ್ಣ ಅಯಸ್ಕಾಂತ ಹಿಡಿಯುತ್ತೇನೆ. ಗಟ್ಟಿಯಾಗಿ ಅಂಟಿತೆಂದರೆ ಅದು ಸಾದಾ ಕಬ್ಬಿಣ, ಮೇಲಿನ ಹೊಳಪು ಒಂದು ಮಳೆಗಾಲಕ್ಕೂ ಬಾರದು.

ಕ್ಯಾಬಿನ್ನಿನ ಒಳಗೆ ಗಾಡಿ ಸಾಮಾನಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಬ್ಲೇಡ್ ಫ್ಯೂಸುಗಳು ಎರಡಕ್ಕೂ ಒಂದೇ, ಮೆರೈನ್ ಪ್ಯಾಕೆಟ್ಟಿಗೆ ಹೆಚ್ಚು ಕೊಡಬೇಕಿಲ್ಲ. ಸೀಲ್ ಮಾಡಿದ ರಿಲೇ ಸಾಕು. ಮೊಬೈಲ್ ಚಾರ್ಜರ್ ಸಾಕೆಟ್ಟು, ಒಳಗಿನ ದೀಪ, ಫ್ಯಾನು ಯಾವುದಕ್ಕೂ ತಕರಾರಿಲ್ಲ. ಫ್ಯೂಸು ಕೂರುವ ಬಾಕ್ಸು ಮಾತ್ರ ತವರದ ಕ್ಲಿಪ್ಪಿನದ್ದೇ ಇರಲಿ. ಹೊರಗಿನ ಸ್ವಿಚ್ಚುಗಳಲ್ಲಿ ಲಾರಿಯ ಟಾಗಲ್ ಸ್ವಿಚ್ಚು ಒಳಗಿನ ಸ್ಪ್ರಿಂಗಿಗೆ ತುಕ್ಕು ಬಂದು ಕಚ್ಚಿಕೊಂಡಿತು. ಪಕ್ಕದಲ್ಲೇ ಇದ್ದ, ನೀರು ಒಳಹೋಗದ ಐಪಿ67 ಗುರುತಿನ ರಾಕರ್ ಸ್ವಿಚ್ಚು ಇವತ್ತಿಗೂ ಹೊಸದರಂತೆ ಟಕ್ ಎನ್ನುತ್ತದೆ.

ಲಾರಿಯ ದೀಪ, ಹಾರ್ನುಗಳಲ್ಲಿ ಇನ್ನೊಂದು ತೊಡಕಿದೆ. ಗಾಡಿಗೆ ಬಾಡಿಯೇ ಅರ್ತ್. ಅದಕ್ಕೇ ಅನೇಕ ದೀಪಗಳಿಗೆ ಒಂದೇ ವಯರು, ಇನ್ನೊಂದು ದಾರಿ ಕೂರಿಸುವ ಸ್ಕ್ರೂ ಮೂಲಕ. ಫೈಬರ್ ಬೋಟಿನಲ್ಲಿ ಆ ದಾರಿ ಇಲ್ಲ, ಎರಡನೇ ವಯರು ಎಳೆಯಲೇಬೇಕು. ಕಬ್ಬಿಣದ ಟ್ರಾಲ್ ಬೋಟಿನಲ್ಲಿ ದೀಪವೇನೋ ಉರಿಯುತ್ತದೆ, ಅದೇ ಅಪಾಯ. ಬೋಟಿನ ಮೈಯಲ್ಲೇ ಕರೆಂಟು ಹರಿದು, ನೀರಿಗೆ ದಾರಿ ಸಿಕ್ಕಲ್ಲಿ ತಗಡನ್ನು ತಿನ್ನತೊಡಗುತ್ತದೆ. ಕಬ್ಬಿಣದ ಬೋಟಿನವರು ಎರಡು ವಯರಿನ ದೀಪವನ್ನೇ ಕೇಳಿ ತರಬೇಕು.

ಡೆಕ್ಕಿನ ಮೇಲೆ ಬಲೆ ಎಳೆಯುವಾಗ ಬೆಳಕಿಗೆ ಲಾರಿಯವರು ಹಾಕುವ ಎಲ್‌ಇಡಿ ಬಾರ್ ಹಾಕಿ ನೋಡಿದೆವು. ಬೆಳಕು ಧಾರಾಳ, ಬೆಲೆ ಕಡಿಮೆ, ನೀರೂ ಒಳಗೆ ಹೋಗಲಿಲ್ಲ. ಆದರೆ ಅದನ್ನು ಹಾಕಿದ ಕೂಡಲೇ ವಿಎಚ್‌ಎಫ್‌ನಲ್ಲಿ ಸರ್ರ್ ಎಂಬ ಸದ್ದು, ದೂರದ ಬೋಟಿನವರ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. ಎಲ್‌ಇಡಿಯ ಒಳಗಿನ ಡ್ರೈವರ್ ಸರ್ಕ್ಯೂಟು ರೇಡಿಯೋ ತರಂಗ ಹೊರಸೂಸುತ್ತದೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು, ವಿಎಚ್‌ಎಫ್ ಮತ್ತು ಹಡಗುಗಳ ಗುರುತು, ಜಾಗ ತಿಳಿಸುವ ಎಐಎಸ್ ಎರಡಕ್ಕೂ ತೊಂದರೆ ಆಗುತ್ತದೆಂದು. ಪರೀಕ್ಷೆ ಸುಲಭ. ಯಾರೂ ಮಾತಾಡದ ಚಾನೆಲ್ಲಿಗೆ ಹೋಗಿ, ಸದ್ದು ನಿಲ್ಲುವ ಅಂಚಿಗೆ ರೇಡಿಯೋದ ಸ್ಕ್ವೆಲ್ಚ್ ಗುಂಡಿ ತಿರುಗಿಸಿ, ಒಂದೊಂದೇ ದೀಪ ಹಾಕುತ್ತಾ ಬನ್ನಿ. ಸದ್ದು ಮರಳಿ ಬಂದರೆ ಆ ದೀಪವೇ ಕಾರಣ. ಚಾನೆಲ್ 16ರಲ್ಲಿ ಸಹಾಯ ಕೇಳುವವರ ದನಿ ಕೇಳಿಸದಂತೆ ಮಾಡುವ ದೀಪ ಎಷ್ಟು ಅಗ್ಗವಾದರೂ ಬೇಡ. ನಾವು ಬಿಚ್ಚಿ, ರೇಡಿಯೋಗೆ ತೊಂದರೆ ಕೊಡದ ಮೆರೈನ್ ಫ್ಲಡ್ ಲೈಟ್ ಹಾಕಿದೆವು.

ಬ್ಯಾಟರಿಯಲ್ಲಿ ಹೆಸರಿಗಿಂತ ಕೆಲಸ ನೋಡಬೇಕು. ಕಾರಿನ ಬ್ಯಾಟರಿಯ ಪ್ಲೇಟು ತೆಳು. ಸೆಲ್ಫ್ ಮೋಟಾರಿಗೆ ಕೆಲವು ಕ್ಷಣ ಭಾರೀ ಕರೆಂಟು ಕೊಡುವುದಕ್ಕೆ ಅದು ಹೇಳಿಮಾಡಿಸಿದ್ದು. ಅದೇ ಬ್ಯಾಟರಿಯಲ್ಲಿ ರಾತ್ರಿಯಿಡೀ ದೀಪ, ಜಿಪಿಎಸ್, ಫಿಶ್ ಫೈಂಡರ್ ಓಡಿಸಿದರೆ ಬೇಗ ಸಾಯುತ್ತದೆ. ನಮ್ಮಲ್ಲಿ ಸೆಲ್ಫ್‌ಗೆ ಒಂದು ಗಾಡಿ ಬ್ಯಾಟರಿ, ಉಳಿದದ್ದಕ್ಕೆಲ್ಲ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ, ನಡುವೆ ಬದಲಿಸುವ ಸ್ವಿಚ್ಚು. ಮೆರೈನ್ ಎಂದು ಬರೆದ ಬ್ಯಾಟರಿಗೆ ಇಲ್ಲಿ ದುಡ್ಡು ಸುರಿಯುವ ಕಾರಣ ನನಗೆ ಕಾಣಲಿಲ್ಲ. ವಿಶ್ರಾಂತಿಯಲ್ಲಿದ್ದಾಗ 12.2 ವೋಲ್ಟ್ ತೋರಿಸಿದರೆ ಅರ್ಧ ಖಾಲಿ ಎಂದು ತಿಳಿದು ಚಾರ್ಜ್ ಮಾಡಿದರಾಯಿತು. ಟ್ಯೂಬುಲರ್ ಭಾರ ಜಾಸ್ತಿ, ಎತ್ತರವೂ ಜಾಸ್ತಿ. ಮಗುಚದಂತೆ ಪಟ್ಟಿ ಹಾಕಿ ಬಿಗಿಯಬೇಕು, ತಳದ ನೀರು ಮುಟ್ಟದ ಹಾಗೆ ಎತ್ತರದಲ್ಲಿ ಇಡಬೇಕು. ಬ್ಯಾಟರಿಗೆ ಸಮುದ್ರದ ನೀರು ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಮುಖ್ಯ ಫ್ಯೂಸು ಬ್ಯಾಟರಿಯಿಂದ 7 ಇಂಚಿನೊಳಗೆ ಇರಲಿ. ಸೆಲ್ಫ್‌ನ ಕೇಬಲ್ಲಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಇಷ್ಟೂ ಹೇಳಿದ್ದು ಡೀಸೆಲ್ ಬೋಟಿಗೆ. ಡೈನಮೋ, ಸೆಲ್ಫ್ ಮೋಟಾರ್ ನಮ್ಮಲ್ಲಿ ಲಾರಿಯವೇ, ಉಪ್ಪಿಗೆ ಬೇಗ ಸರ್ವೀಸ್ ಕೇಳುತ್ತವೆ ಎಂಬುದು ಬಿಟ್ಟರೆ ದೂರಿಲ್ಲ. ಮುಚ್ಚಿದ ಕೋಣೆಯೊಳಗೆ ಪೆಟ್ರೋಲ್ ಇಂಜಿನ್ ಇರುವ ಬೋಟಿನಲ್ಲಿ ಮಾತ್ರ ಇದು ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಗಾಡಿಯ ಸೆಲ್ಫ್, ಡೈನಮೋಗಳ ಒಳಗೆ ಹಾರುವ ಕಿಡಿ ಹೊರಗೆ ಬರದಂತೆ ತಡೆ ಇಲ್ಲ. ರಸ್ತೆಯಲ್ಲಿ ಆವಿ ಕೆಳಗೆ ಸೋರಿ ಹೋಗುತ್ತದೆ, ಬೋಟಿನಲ್ಲಿ ಹೋಗಲು ಜಾಗವಿಲ್ಲ. ಅಲ್ಲಿ ಕಿಡಿ ಹೊರಬರದಂತೆ ತಡೆ ಇದೆ ಎಂದು ತೋರಿಸುವ ಎಸ್‌ಎಇ ಜೆ1171 ಅಥವಾ ಐಎಸ್‌ಒ 8846 ಗುರುತಿರುವ ಸಾಮಾನು ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು. ನಮ್ಮ ನಾಡದೋಣಿಗಳ ಔಟ್‌ಬೋರ್ಡ್ ಹೊರಗೇ ಇರುವುದರಿಂದ ಅಷ್ಟು ಭಯವಿಲ್ಲ. ಆದರೆ ಸೀಮೆಎಣ್ಣೆ ಇಂಜಿನ್ನನ್ನು ಚಾಲೂ ಮಾಡಲು ಪೆಟ್ರೋಲ್ ಕ್ಯಾನ್ ಇಟ್ಟುಕೊಳ್ಳುತ್ತಾರೆ. ಆ ಕ್ಯಾನನ್ನೂ ಬ್ಯಾಟರಿ, ಫ್ಯೂಸ್ ಬಾಕ್ಸುಗಳನ್ನೂ ಒಂದೇ ಮುಚ್ಚಳದ ಕೆಳಗೆ ಇಟ್ಟಿರುವ ದೋಣಿಗಳನ್ನು ಕಂಡಿದ್ದೇನೆ. ಅಂಥವರು ಯಾವ ವಯರು ಒಳ್ಳೆಯದೆಂದು ಕೇಳುವ ಮೊದಲು ಕ್ಯಾನನ್ನು ತೆರೆದ ಜಾಗಕ್ಕೆ ಸ್ಥಳಾಂತರಿಸಲಿ.