ಅಕ್ವೇರಿಯಂ ಸಂಪ್‌ನಲ್ಲಿ ಕಾಲರ್ಪಾ ಪಾಚಿ ಬೆಳೆಸುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ

ನನ್ನ ಹಳದಿ ಟ್ಯಾಂಗ್ ಸತ್ತು ಮೂರು ವಾರವಾಯಿತು. ನಾಲ್ಕು ವರ್ಷ ಸಾಕಿದ ಮೀನು. ಅದರ ಜೊತೆ ಎರಡು ಕ್ರೋಮಿಸ್ ಮೀನೂ ಹೋದವು. ರೋಗ ಬಂದಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ನೈಟ್ರೇಟ್ ಇಳಿಯಲಿ ಅಂತ ನಾನೇ ಹಾಕಿದ್ದ ಕಾಲರ್ಪಾ ಪಾಚಿಯಿಂದ ಇದೆಲ್ಲ ಆಯಿತು.

ನನ್ನದು 300 ಲೀಟರ್ ಉಪ್ಪುನೀರಿನ ಟ್ಯಾಂಕ್. ನೈಟ್ರೇಟ್ ಯಾವಾಗಲೂ 40 ಪಿಪಿಎಂ ಹತ್ತಿರ. ನೀರು ಬದಲಿಸಿದರೆ ಇಳಿಯುತ್ತಿತ್ತು, ಎರಡು ವಾರಕ್ಕೆ ಮತ್ತೆ ಅಲ್ಲಿಗೇ ಬರುತ್ತಿತ್ತು. ಪರಿಚಯದವರೊಬ್ಬರು ಒಂದು ಹಿಡಿ ದ್ರಾಕ್ಷಿ ಕಾಲರ್ಪಾ ಕೊಟ್ಟರು. ಸಂಪ್‌ನ, ಅಂದರೆ ಟ್ಯಾಂಕಿನ ನೀರು ಹಾದು ಶುದ್ಧವಾಗುವ ಕೆಳಗಿನ ಪೆಟ್ಟಿಗೆಯ, ಒಂದು ಖಾನೆಗೆ ಹಾಕಿ, ಮೇಲೆ ಎಲ್‌ಇಡಿ ಲೈಟ್ ಕಟ್ಟಿದೆ. ಎರಡು ತಿಂಗಳಲ್ಲಿ ನೈಟ್ರೇಟ್ 5ಕ್ಕೆ ಬಂತು. ಪಾಚಿ ಬೆಳೆಯುವಾಗ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರಿಕೊಳ್ಳುತ್ತದೆ. ಬೆಳೆದದ್ದನ್ನು ಆಗಾಗ ಕಿತ್ತು ತೆಗೆದರೆ ಅವೂ ಆಚೆ ಹೋಗುತ್ತವೆ. ನಾನು ಕೀಳುವುದನ್ನು ಮುಂದಕ್ಕೆ ಹಾಕುತ್ತಾ ಬಂದೆ. ಖಾನೆ ತುಂಬಾ ಹಸಿರು, ನೋಡೋಕೆ ಚೆನ್ನಾಗಿತ್ತು.

ಒಂದು ಶನಿವಾರ ರಾತ್ರಿ ಅಲ್ಲಲ್ಲಿ ಪಾಚಿ ಬಣ್ಣ ಕಳೆದುಕೊಂಡದ್ದು ಕಂಡಿತು. ಆ ದ್ರಾಕ್ಷಿಯಂಥ ಗುಳ್ಳೆಗಳ ಮೇಲೆ ಸಣ್ಣ ಬಲೆ ಹಾಸಿದ ಹಾಗೆ ಹಸಿರು ಗೆರೆ, ನಡುವೆಲ್ಲ ಬಿಳಿ. ಬೆಳಗ್ಗೆ ನೋಡಿದರಾಯಿತು ಅಂತ ಮಲಗಿಬಿಟ್ಟೆ.

ಆರೂವರೆಗೆ ಎದ್ದು ಬಂದರೆ ಟ್ಯಾಂಕಿನ ಆಚೆ ಬದಿ ಕಾಣುತ್ತಿಲ್ಲ. ಅಕ್ಕಿ ತೊಳೆದ ನೀರಿಗೆ ಹಸಿರು ಕದಡಿದ ಹಾಗಿತ್ತು. ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್‌ನ ಕಪ್ ತುಂಬಿ ನೆಲಕ್ಕೆ ಹರಿದಿತ್ತು. ಕ್ಲೌನ್ ಮೀನಿನ ಜೋಡಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಟ್ಯಾಂಗ್ ಬಂಡೆಯ ಸಂದಿಯಲ್ಲಿ ಅಡ್ಡ ಬಿದ್ದಿತ್ತು. ಸಂಪ್‌ನಲ್ಲಿ ಉಳಿದದ್ದು ಈರುಳ್ಳಿ ಸಿಪ್ಪೆಯಂಥ ಖಾಲಿ ಪೊರೆ ಮಾತ್ರ.

ಕಾಲರ್ಪಾ ಎಷ್ಟೇ ಉದ್ದ ಬೆಳೆದರೂ ಇಡೀ ಗಿಡ ಒಂದೇ ಜೀವಕೋಶ, ಒಳಗೆ ಗೋಡೆಗಳೇ ಇಲ್ಲ. ಸಂತಾನಕ್ಕೆ ಹೊರಟಾಗ ಒಳಗಿನ ರಸವನ್ನೆಲ್ಲ ಲಿಂಗಾಣುಗಳಾಗಿ ಮಾಡಿಕೊಂಡು ಬೆಳಗಿನ ಜಾವ ಒಟ್ಟಿಗೆ ನೀರಿಗೆ ಬಿಡುತ್ತದೆ, ತಾನು ಸಾಯುತ್ತದೆ. ರಾತ್ರಿಯಿಡೀ ಲೈಟ್ ಆರಿರುವ ಟ್ಯಾಂಕಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಹೊತ್ತೂ ಅದೇ. ಹೀರಿಕೊಂಡಿದ್ದೆಲ್ಲ ವಾಪಸ್ ನೀರಿಗೆ ಬಂತು. ಸಂಜೆ ಟೆಸ್ಟ್ ಮಾಡಿದಾಗ ನೈಟ್ರೇಟ್ 25.

ಏರ್ ಪಂಪ್ ಹಾಕಿದೆ, ನೀರು ಸೋಸುವ ಕಾರ್ಬನ್ ಇಟ್ಟೆ. ಆದರೆ ನೀರು ಬದಲಿಸಲು ಕಲಸಿಟ್ಟ ಉಪ್ಪುನೀರು ಇರಲಿಲ್ಲ. ಆರ್‌ಓ ನೀರಿಗೆ ಉಪ್ಪು ಕಲಸಿ ಅದು ಸರಿಯಾಗಿ ಕರಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದೆರಡು ಕ್ಯಾನ್ ಸದಾ ತಯಾರು ಇಟ್ಟಿರಿ.

24 ಗಂಟೆ ಲೈಟ್ ಹಾಕಿಟ್ಟರೆ ಕಾಲರ್ಪಾ ಹೀಗೆ ಮಾಡುವುದಿಲ್ಲ ಅನ್ನುವವರಿದ್ದಾರೆ. ಬೆಂಗಳೂರಿನ ಕರೆಂಟ್ ನಂಬಿ ಅಷ್ಟು ಧೈರ್ಯ ಮಾಡಬೇಡಿ. ಈಗಾಗಲೇ ಇಟ್ಟಿದ್ದರೆ ವಾರಕ್ಕೊಮ್ಮೆ ಕೀಳಿ. ಕತ್ತರಿ ಹಾಕಬೇಡಿ, ತುಂಡಾದ ಕಡೆ ರಸ ಸೋರುತ್ತದೆ. ಬಳ್ಳಿಯನ್ನೇ ಇಡಿಯಾಗಿ ಎಳೆದು ತೆಗೆಯಿರಿ. ಬಿಳಿ ಕಂಡರೆ ಆ ರಾತ್ರಿಯೇ ಎಲ್ಲ ತೆಗೆದುಬಿಡಿ.

ಕಿತ್ತದ್ದನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕಸಕ್ಕೆ ಹಾಕಿ. ಕಡಲ ತೀರದಲ್ಲಿರುವವರು ಸುಮ್ನೆ ಚರಂಡಿಗೆ, ನೀರಿಗೆ ಎಸೆಯಲೇಬೇಡಿ. ಇದರ ಬಳಗದ್ದೇ ಆದ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್‌ನಲ್ಲಿ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರಿನಲ್ಲಿ ಸಿಕ್ಕಾಗ ಟಾರ್ಪಾಲು ಮುಚ್ಚಿ, ಕ್ಲೋರಿನ್ ಹಾಕಿ ಕೊಂದರು. ಪೂರ್ತಿ ಹೋಯಿತು ಅನ್ನಲು 2006 ಬಂತು.

ನಾನೀಗ ಕಾಲರ್ಪಾ ಬದಲು ಕೀಟೋ ಅನ್ನುವ ಬೇರೆ ಪಾಚಿ ಹಾಕಿದ್ದೇನೆ. ಪಾತ್ರೆ ಉಜ್ಜುವ ನಾರಿನಂತೆ ಸಿಕ್ಕುಸಿಕ್ಕಾಗಿರುತ್ತದೆ, ಬಂಡೆಗೆ ಬೇರು ಬಿಡುವುದಿಲ್ಲ, ಕೈಯಿಂದ ಎತ್ತಿದರೆ ಬರುತ್ತದೆ. ನೈಟ್ರೇಟ್ ನಿಧಾನಕ್ಕೆ ಇಳಿಯುತ್ತಿದೆ, ಮೊನ್ನೆ 15 ಇತ್ತು. ಸದ್ಯ ಮುಷ್ಟಿಯಷ್ಟೇ ಇದೆ. ತಿಂಗಳು ಬಿಟ್ಟು ಬೇಕಾದವರು ಕೇಳಿ, ಖಂಡಿತ ಕೊಡುತ್ತೇನೆ.